ಗಣಕಯಂತ್ರದ ‘ಹುಡುಕು’ ಸೌಲಭ್ಯ: ಬೇಕಾದ ಕಡತ ಬೇಕಾದ ಹೊತ್ತಿಗೆ ದೊರೆಯಲು

ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಂದು ಜಾರಿಗೆ ಬಂದ ನಂತರ ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಅಂಗಡಿ, ಮಂಡಿ ಹಾಗೂ ಸಣ್ಣ ಕಾರ್ಖಾನೆಗಳಲ್ಲಿಯೂ ಗಣಕಯಂತ್ರವು ಗಲ್ಲಾಪೆಟ್ಟಿಗೆಯಷ್ಟೇ ಅಗತ್ಯವಾದ ವಸ್ತುವಾಗಿದೆ. ಖರೀದಿ ಬಿಲ್ಲು, ಮಾರಾಟದ ಬಿಲ್ಲು, ಇ-ವೇ ಬಿಲ್ಲು, ಲಾರಿ ರಸೀತಿ, ತೂಕದ ಚೀಟಿ, ಬ್ಯಾಂಕಿನ ಪಟ್ಟಿ ಇವೆಲ್ಲವೂ ಈಗ ಕಡತಗಳ ರೂಪದಲ್ಲಿ ಅದರೊಳಗೆ ಸೇರಿಕೊಳ್ಳುತ್ತಿವೆ. ಹಿಂದೆ ವರ್ಷಕ್ಕೊಂದು ಕಟ್ಟು ಮಾಡಿ ಅಟ್ಟದ ಮೇಲೆ ಇಡುತ್ತಿದ್ದ ಕಾಗದಗಳು ಇಂದು ಕಣ್ಣಿಗೆ ಕಾಣದ ಸ್ಥಳದಲ್ಲಿ ಸಾವಿರಗಟ್ಟಲೆ ರಾಶಿ ಬಿದ್ದಿವೆ.

ಇವುಗಳನ್ನು ಎಷ್ಟು ಕಾಲ ಕಾಪಾಡಿಕೊಳ್ಳಬೇಕೆಂಬುದನ್ನು ಕಾನೂನೇ ನಿಗದಿಪಡಿಸಿದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 36ನೆಯ ಪ್ರಕರಣದ ಪ್ರಕಾರ, ಆಯಾ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಇಟ್ಟುಕೊಂಡಿರತಕ್ಕದ್ದು. ಉದಾಹರಣೆಗೆ, 2023-24ನೆಯ ಸಾಲಿನ ವಾರ್ಷಿಕ ವಿವರಣೆಗೆ 2024ರ ಡಿಸೆಂಬರ್ 31 ಕಡೆಯ ದಿನವಾಗಿತ್ತು. ಆದ್ದರಿಂದ ಆ ಸಾಲಿನ ಬಿಲ್ಲುಗಳು 2030ರ ಡಿಸೆಂಬರ್ 31ರವರೆಗೆ ನಮ್ಮ ಬಳಿ ಇರಬೇಕು. ಮೇಲ್ಮನವಿ ಬಾಕಿಯಿದ್ದರೆ ಅವಧಿ ಇನ್ನೂ ಮುಂದಕ್ಕೆ ಹೋಗಬಹುದು. ಖಾಸಗಿ ಕಂಪನಿಯಾಗಿ ನೋಂದಾಯಿಸಿಕೊಂಡಿರುವ ಉದ್ದಿಮೆಗಳು 2013ರ ಕಂಪನಿ ಕಾಯ್ದೆಯಂತೆ ಎಂಟು ಆರ್ಥಿಕ ವರ್ಷಗಳ ಲೆಕ್ಕವನ್ನು ಇಡಬೇಕಾಗುತ್ತದೆ.

ಇಡುವುದು ಒಂದು ಕೆಲಸವಾದರೆ, ಕೇಳಿದಾಗ ತೆಗೆದು ತೋರಿಸುವುದು ಇನ್ನೊಂದು. ವಿವರಣೆಯಲ್ಲಿನ ವ್ಯತ್ಯಾಸವನ್ನು ಕುರಿತು ಇಲಾಖೆಯಿಂದ ಬರುವ ಪರಿಶೀಲನಾ ನೋಟೀಸಿಗೆ ಉತ್ತರಿಸಲು ಸಾಮಾನ್ಯವಾಗಿ 30 ದಿನ ಮೀರದ ಕಾಲಾವಕಾಶವಿರುತ್ತದೆ. ಖರೀದಿಯ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಉಳಿಸಿಕೊಳ್ಳಬೇಕಾದರೆ ತೆರಿಗೆ ಬಿಲ್ಲು ಕೈಯಲ್ಲಿರಬೇಕೆಂಬುದು ಮೊದಲ ಷರತ್ತು. ಬಿಲ್ಲು ಗಣಕಯಂತ್ರದಲ್ಲಿದ್ದೂ ಆ ಅವಧಿಯೊಳಗೆ ಸಿಗದೇ ಹೋದರೆ ಇಲ್ಲದಂತೆಯೇ ಸರಿ; ಪಡೆದ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕಾಗಿ ಬರಬಹುದು. 2025ರ ಜುಲೈ ತಿಂಗಳಿನಲ್ಲಿ ಯು.ಪಿ.ಐ. ಮೂಲಕ ಬಂದ ಹಣದ ಆಧಾರದ ಮೇಲೆ ರಾಜ್ಯದ ಅನೇಕ ಸಣ್ಣ ವರ್ತಕರಿಗೆ 2021-22ರಿಂದೀಚಿನ ವಹಿವಾಟಿನ ಬಗ್ಗೆ ನೋಟೀಸುಗಳು ಬಂದಾಗ, ಹಳೆಯ ವರ್ಷಗಳ ಕಾಗದಗಳನ್ನು ಹುಡುಕಿ ತೆಗೆಯಬೇಕಾದ ಪ್ರಮೇಯ ಎಷ್ಟು ಹಠಾತ್ತನೆ ಬರಬಹುದೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ಇದಕ್ಕಾಗಿ ಹೊಸ ತಂತ್ರಾಂಶವನ್ನು ಹಣ ಕೊಟ್ಟು ಕೊಳ್ಳಬೇಕಾಗಿಲ್ಲ. ವಿಂಡೋಸ್ ಹೊಂದಿದ ಪ್ರತಿಯೊಂದು ಗಣಕಯಂತ್ರದಲ್ಲಿಯೂ ‘ಸರ್ಚ್’ ಎಂಬ ಹುಡುಕುವ ಸೌಲಭ್ಯವು ಅಂತರ್ಗತವಾಗಿಯೇ ಇದೆ. ಆದರೆ ‘ಹುಡುಕಿದೆವು, ಸಿಗಲಿಲ್ಲ’ ಎಂಬ ಮಾತು ಅನೇಕರಿಂದ ಕೇಳಿಬರುತ್ತದೆ. ಅದು ಏನನ್ನು ಹುಡುಕುತ್ತದೆ, ಎಲ್ಲಿ ಹುಡುಕುತ್ತದೆ, ಯಾವುದನ್ನು ಕಾಣಲಾರದು ಎಂಬುದನ್ನು ಅರಿತುಕೊಂಡರೆ ಈ ತೊಂದರೆಯ ಬಹುಭಾಗ ಪರಿಹಾರವಾಗುತ್ತದೆ. ಈ ಲೇಖನದ ಉದ್ದೇಶವೂ ಅದೇ.

ಖಾತೆ ಪುಸ್ತಕದ ಸೂಚಿಯಂತೆ

ಹಿರಿಯ ವರ್ತಕರಿಗೆ ಖಾತೆ ಪುಸ್ತಕದ ರಚನೆ ಚೆನ್ನಾಗಿ ತಿಳಿದಿರುತ್ತದೆ. ಪುಸ್ತಕದ ಮೊದಲ ಕೆಲವು ಹಾಳೆಗಳಲ್ಲಿ ಅಕಾರಾದಿಯಾಗಿ ಗಿರಾಕಿಗಳ ಹೆಸರು, ಅದರ ಮುಂದೆ ಪುಟಸಂಖ್ಯೆ. ಗುಮಾಸ್ತನು ಇಡೀ ಪುಸ್ತಕವನ್ನು ಮಗುಚದೆ, ಸೂಚಿಯನ್ನು ನೋಡಿ ನೇರವಾಗಿ ಆ ಪುಟವನ್ನು ತೆರೆಯುತ್ತಿದ್ದನು. ಸೂಚಿಯಲ್ಲಿ ಬರೆಯದೆ ಬಿಟ್ಟ ಖಾತೆಯು ಪುಸ್ತಕದಲ್ಲಿದ್ದರೂ ಸುಲಭವಾಗಿ ಸಿಗುತ್ತಿರಲಿಲ್ಲ.

ಗಣಕಯಂತ್ರದ ಹುಡುಕಾಟವೂ ಇದೇ ಕ್ರಮದಲ್ಲಿ ನಡೆಯುತ್ತದೆ. ವಿಂಡೋಸ್ 95 ಹಾಗೂ 2001ರಲ್ಲಿ ಬಂದ ಎಕ್ಸ್‌ಪಿ ಆವೃತ್ತಿಗಳಲ್ಲಿ ಒಂದು ಪದವನ್ನು ಕೊಟ್ಟರೆ ಯಂತ್ರವು ಸಾಮಾನ್ಯವಾಗಿ ಪ್ರತಿಸಲವೂ ಮೊದಲಿನಿಂದ ಕಡೆಯವರೆಗೆ ಎಲ್ಲ ಕಡತಗಳನ್ನೂ ಓದುತ್ತಿತ್ತು; ಆದ್ದರಿಂದ ಬಹಳ ಹೊತ್ತು ಹಿಡಿಯುತ್ತಿತ್ತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ ಆವೃತ್ತಿಯಿಂದೀಚೆಗೆ ವಿಂಡೋಸ್ ತಾನೇ ಒಂದು ಸೂಚಿಯನ್ನು ಸಿದ್ಧಪಡಿಸಿ ಇಟ್ಟುಕೊಳ್ಳುತ್ತದೆ. ಇದಕ್ಕೆ ‘ಇಂಡೆಕ್ಸ್’ ಎಂದು ಹೆಸರು. ಯಂತ್ರಕ್ಕೆ ಬಿಡುವು ಸಿಕ್ಕಾಗಲೆಲ್ಲ ಕಡತಗಳ ಹೆಸರು, ದಿನಾಂಕ ಮತ್ತು ಒಳಗಿರುವ ಪದಗಳು ಈ ಸೂಚಿಯಲ್ಲಿ ದಾಖಲಾಗುತ್ತಿರುತ್ತವೆ. ನಾವು ಪದವನ್ನು ಬೆರಳಚ್ಚಿಸಿದೊಡನೆ ಉತ್ತರ ಬರುವುದು ಈ ಸೂಚಿಯಿಂದಲೇ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಸೂಚಿಗೆ ಸೇರಿದ ಜಾಗದಲ್ಲಿರುವ ಕಡತವು ಕ್ಷಣದಲ್ಲಿ ಸಿಗುತ್ತದೆ. ಹೆಸರು ಮರೆತಿದ್ದರೂ ಒಳಗಿನ ಒಂದು ಪದದಿಂದ ಸಿಗುತ್ತದೆ. ಎರಡು, ಸೂಚಿಯ ಹೊರಗಿರುವ ಜಾಗದಲ್ಲಿ ಹುಡುಕಾಟ ನಿಧಾನವಾಗುತ್ತದೆ. ಸಾಮಾನ್ಯವಾಗಿ ಕಡತದ ಹೆಸರನ್ನು ಮಾತ್ರ ನೋಡುತ್ತದೆ, ಒಳಗಿನ ಪದಗಳನ್ನು ನೋಡುವುದಿಲ್ಲ.

ಹುಡುಕುವ ಕ್ರಮ

ಕೀಲಿಮಣೆಯಲ್ಲಿ ವಿಂಡೋಸ್ ಚಿಹ್ನೆಯ ಕೀಲಿಯನ್ನು ಒತ್ತಿ ಹಿಡಿದು ‘ಇ’ ಅಕ್ಷರವನ್ನು ಒತ್ತಿದರೆ ‘ಫೈಲ್ ಎಕ್ಸ್‌ಪ್ಲೋರರ್’ ತೆರೆದುಕೊಳ್ಳುತ್ತದೆ. ಅದರ ಬಲ ಮೇಲ್ತುದಿಯಲ್ಲಿರುವ ಚೌಕವೇ ಹುಡುಕುವ ಪೆಟ್ಟಿಗೆ. ‘ಎಫ್-3’ ಕೀಲಿಯನ್ನು ಒತ್ತಿದರೂ ಅಲ್ಲಿಗೇ ಹೋಗಬಹುದು. ಹುಡುಕುವ ಮೊದಲು ಎಡಬದಿಯಲ್ಲಿ ಸರಿಯಾದ ಫೋಲ್ಡರನ್ನು ಆಯ್ದುಕೊಳ್ಳಬೇಕು. ಆ ಫೋಲ್ಡರ್ ಮತ್ತು ಅದರ ಒಳಗಿನ ಫೋಲ್ಡರುಗಳಲ್ಲಿ ಮಾತ್ರ ಹುಡುಕಾಟ ನಡೆಯುತ್ತದೆ. ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ ನಿಂತು ‘ಡೆಸ್ಕ್‌ಟಾಪ್’ ಮೇಲಿರುವ ಬಿಲ್ಲನ್ನು ಹುಡುಕಿದರೆ ಸಿಗುವುದಿಲ್ಲ. ಕಡತ ಎಲ್ಲಿದೆಯೆಂದು ತಿಳಿಯದಿದ್ದರೆ ‘ದಿಸ್ ಪಿಸಿ’ಯನ್ನು ಆಯ್ದು ಹುಡುಕುವುದು ಸೂಕ್ತ.

ಫಲಿತಾಂಶಗಳು ಹೆಚ್ಚಾಗಿ ಬಂದರೆ ಅವನ್ನು ಸೋಸುವ ಉಪಾಯಗಳಿವೆ.

ದಿನಾಂಕದಿಂದ: ವಿಂಡೋಸ್ 11ರಲ್ಲಿ ಹುಡುಕಿದ ನಂತರ ಮೇಲುಗಡೆ ಕಾಣುವ ‘ಸರ್ಚ್ ಆಪ್ಷನ್ಸ್’ ಪಟ್ಟಿಯಲ್ಲಿಯೂ, ವಿಂಡೋಸ್ 10ರಲ್ಲಿ ‘ಸರ್ಚ್’ ಎಂಬ ಪಟ್ಟಿಯಲ್ಲಿಯೂ ‘ಡೇಟ್ ಮಾಡಿಫೈಡ್’ ಎಂಬ ಆಯ್ಕೆಯಿರುತ್ತದೆ. ಅದರಲ್ಲಿ ಈ ವಾರ, ಕಳೆದ ತಿಂಗಳು, ಕಳೆದ ವರ್ಷ ಎಂದು ಆಯ್ದುಕೊಳ್ಳಬಹುದು. ಆದರೆ ಇದು ಕಡತವನ್ನು ಕೊನೆಯ ಬಾರಿ ಬದಲಾಯಿಸಿದ ದಿನಾಂಕವೇ ಹೊರತು ಬಿಲ್ಲಿನ ದಿನಾಂಕವಲ್ಲ ಎಂಬುದನ್ನು ಮರೆಯಬಾರದು. ಮಾರ್ಚ್ ತಿಂಗಳ ಬಿಲ್ಲನ್ನು ಜೂನ್ ತಿಂಗಳಿನಲ್ಲಿ ಸ್ಕ್ಯಾನ್ ಮಾಡಿದ್ದರೆ ಅದು ಜೂನ್ ತಿಂಗಳ ಕಡತವೆಂದೇ ತೋರುತ್ತದೆ.

ಕಡತದ ಬಗೆಯಿಂದ: ನಕ್ಷತ್ರ ಚಿಹ್ನೆ, ಚುಕ್ಕೆ, ಆನಂತರ ಇಂಗ್ಲಿಷಿನಲ್ಲಿ ‘ಪಿಡಿಎಫ್’ ಎಂದು ಬೆರಳಚ್ಚಿಸಿದರೆ ಆ ಬಗೆಯ ಕಡತಗಳು ಮಾತ್ರ ಬರುತ್ತವೆ.

ಪದಗುಚ್ಛದಿಂದ: ಎರಡು ಮೂರು ಪದಗಳು ಅದೇ ಅನುಕ್ರಮದಲ್ಲಿ ಇರಬೇಕೆಂದಾದರೆ ಅವನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ಎರಡರಲ್ಲಿ ಯಾವುದಾದರೊಂದು ಇದ್ದರೆ ಸಾಕೆಂದಾದರೆ ನಡುವೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ‘ಆರ್’ ಎಂಬ ಪದವನ್ನು, ಅಂದರೆ ‘ಅಥವಾ’ ಎಂಬ ಅರ್ಥದ ಪದವನ್ನು, ಹಾಕಬೇಕು.

ಇನ್ನೊಂದು ನಿಯಮವನ್ನು ವಿಶೇಷವಾಗಿ ಗಮನಿಸಬೇಕು. ಈ ಹುಡುಕಾಟವು ಪದದ ಆರಂಭದಿಂದ ತಾಳೆ ನೋಡುತ್ತದೆ. ಪದದ ಮೊದಲ ನಾಲ್ಕೈದು ಅಕ್ಷರ ಕೊಟ್ಟರೆ ಸಾಕು, ಕಡತ ಸಿಗುತ್ತದೆ. ನಡುವಿನ ಅಕ್ಷರಗಳನ್ನು ಕೊಟ್ಟರೆ ಸಾಮಾನ್ಯವಾಗಿ ಸಿಗುವುದಿಲ್ಲ. ಕಡತದ ಹೆಸರಿನ ನಡುವಿನ ಭಾಗ ಮಾತ್ರ ನೆನಪಿದ್ದರೆ ಅದರ ಹಿಂದೆ ಮುಂದೆ ನಕ್ಷತ್ರ ಚಿಹ್ನೆಗಳನ್ನು ಹಾಕಿ ಹುಡುಕಬೇಕು.

‘ಡಿ’ ಡ್ರೈವಿನ ಸಮಸ್ಯೆ

ನಮ್ಮ ಭಾಗದ ಬಹುತೇಕ ಅಂಗಡಿಗಳಲ್ಲಿ ವ್ಯವಹಾರದ ಕಡತಗಳನ್ನು ‘ಡಿ’ ಡ್ರೈವಿನಲ್ಲಿ ಇಡುವ ರೂಢಿಯಿದೆ. ಯಂತ್ರ ಕೆಟ್ಟು ವಿಂಡೋಸನ್ನು ಮತ್ತೆ ಹಾಕಬೇಕಾದಾಗ ‘ಸಿ’ ಡ್ರೈವಿನಲ್ಲಿದ್ದುದು ಅಳಿಸಿಹೋಗುತ್ತದೆ, ‘ಡಿ’ಯಲ್ಲಿದ್ದುದು ಉಳಿಯುತ್ತದೆ ಎಂಬ ಅನುಭವವೇ ಇದಕ್ಕೆ ಕಾರಣ. ಈ ಎಚ್ಚರಿಕೆ ಸರಿಯಾದದ್ದೇ. ಆದರೆ ವಿಂಡೋಸ್ ತನ್ನಷ್ಟಕ್ಕೆ ಸೂಚಿ ತಯಾರಿಸುವುದು ‘ಡಾಕ್ಯುಮೆಂಟ್ಸ್’, ‘ಡೆಸ್ಕ್‌ಟಾಪ್’, ‘ಪಿಕ್ಚರ್ಸ್’ ಮುಂತಾದ ಬಳಕೆದಾರನ ಫೋಲ್ಡರುಗಳಿಗೆ ಮಾತ್ರ. ‘ಡಿ’ ಡ್ರೈವು ಅದರ ಹೊರಗೆ ಉಳಿಯುತ್ತದೆ. ಆದುದರಿಂದಲೇ ಅಲ್ಲಿರುವ ಬಿಲ್ಲುಗಳ ಒಳಗಿನ ಪದವನ್ನು ಎಷ್ಟು ಹುಡುಕಿದರೂ ಉತ್ತರ ಬರುವುದಿಲ್ಲ.

ಇದನ್ನು ಒಮ್ಮೆ ಸರಿಪಡಿಸಿದರೆ ಸಾಕು. ‘ಸ್ಟಾರ್ಟ್’ ಗುಂಡಿಯನ್ನು ಒತ್ತಿ ಇಂಗ್ಲಿಷಿನಲ್ಲಿ ‘ಇಂಡೆಕ್ಸಿಂಗ್ ಆಪ್ಷನ್ಸ್’ ಎಂದು ಬೆರಳಚ್ಚಿಸಿ ತೆರೆಯಿರಿ. ‘ಮಾಡಿಫೈ’ ಗುಂಡಿಯನ್ನು ಒತ್ತಿದರೆ ಡ್ರೈವುಗಳ ಪಟ್ಟಿ ಬರುತ್ತದೆ. ಅದರಲ್ಲಿ ‘ಡಿ’ ಡ್ರೈವಿನಲ್ಲಿರುವ ತಮ್ಮ ಬಿಲ್ಲುಗಳ ಫೋಲ್ಡರಿಗೆ ಗುರುತು ಹಾಕಿ ‘ಓಕೆ’ ಎನ್ನಿರಿ. ನಂತರ ‘ಅಡ್ವಾನ್ಸ್‌ಡ್’ ಗುಂಡಿಯ ಒಳಗೆ ‘ಫೈಲ್ ಟೈಪ್ಸ್’ ಎಂಬಲ್ಲಿ ‘ಪಿಡಿಎಫ್’ ಬಗೆಯನ್ನು ಆಯ್ದು, ಹೆಸರು ಮಾತ್ರವಲ್ಲದೆ ಒಳಗಿನ ವಿಷಯವನ್ನೂ ಸೂಚಿಗೆ ಸೇರಿಸುವ ಆಯ್ಕೆಗೆ ಗುರುತಿದೆಯೇ ಎಂದು ಪರೀಕ್ಷಿಸಿರಿ. ಸೂಚಿ ಕೆಟ್ಟಿದೆಯೆಂದು ಅನುಮಾನ ಬಂದರೆ ಅಲ್ಲಿಯೇ ಇರುವ ‘ರೀಬಿಲ್ಡ್’ ಗುಂಡಿಯಿಂದ ಅದನ್ನು ಹೊಸದಾಗಿ ತಯಾರಿಸಬಹುದು. ಕಡತಗಳು ಹೆಚ್ಚಿದ್ದರೆ ಇದಕ್ಕೆ ಗಂಟೆಗಟ್ಟಲೆ ಹಿಡಿಯುವುದರಿಂದ ಅಂಗಡಿ ಮುಚ್ಚುವ ಹೊತ್ತಿಗೆ ಆರಂಭಿಸಿ, ರಾತ್ರಿ ಯಂತ್ರವನ್ನು ಚಾಲನೆಯಲ್ಲಿ ಬಿಡುವುದು ಒಳ್ಳೆಯದು. ಇದರಿಂದ ಕಡತಗಳಿಗೆ ಯಾವ ಹಾನಿಯೂ ಆಗುವುದಿಲ್ಲ.

ಇಡೀ ಡ್ರೈವನ್ನು ಸೂಚಿಗೆ ಸೇರಿಸುವ ಅಗತ್ಯವಿಲ್ಲ. ಅಂಗಡಿಯ ಯಂತ್ರವನ್ನು ಹಲವರು ಬಳಸುವುದುಂಟು. ಮನೆಯ ಆಸ್ತಿಪತ್ರ, ಸ್ವಂತ ಬ್ಯಾಂಕ್ ಖಾತೆಯ ವಿವರಗಳು ಎಲ್ಲರ ಹುಡುಕಾಟದಲ್ಲಿಯೂ ಕಾಣಿಸಿಕೊಳ್ಳಬಾರದು. ಅಂಥವುಗಳನ್ನು ಬೇರೆ ಬಳಕೆದಾರನ ಹೆಸರಿನಲ್ಲಿ ಸಂಕೇತಪದದೊಂದಿಗೆ ಇಟ್ಟುಕೊಳ್ಳುವುದು ಕ್ಷೇಮ.

ಊರಿನ ಹೆಸರೊಂದು, ಕಾಗುಣಿತ ಹಲವು

ಯಂತ್ರವು ಅಕ್ಷರಗಳನ್ನು ತಾಳೆ ನೋಡುತ್ತದೆಯೇ ಹೊರತು ಅರ್ಥವನ್ನು ಊಹಿಸುವುದಿಲ್ಲವೆಂದೇ ತಿಳಿದು ನಡೆಯಬೇಕು. ನಮ್ಮ ಊರುಗಳ ಹೆಸರನ್ನೇ ನೋಡಿ. ಇಂಗ್ಲಿಷಿನಲ್ಲಿ ಕಡೂರನ್ನು ಕೆಲವರು ‘ಯು’ ಅಕ್ಷರದಿಂದ, ಕೆಲವರು ಎರಡು ‘ಓ’ ಅಕ್ಷರಗಳಿಂದ ಬರೆಯುತ್ತಾರೆ. ತರೀಕೆರೆಗೆ ಮೊದಲ ‘ಟಿ’ ಆದ ಮೇಲೆ ‘ಎಚ್’ ಸೇರಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಅಜ್ಜಂಪುರದ ಕೊನೆಯಲ್ಲಿ ‘ಎ’ ಅಕ್ಷರ ಕೆಲವು ಬಿಲ್ಲುಗಳಲ್ಲಿರುತ್ತದೆ, ಕೆಲವುಗಳಲ್ಲಿರುವುದಿಲ್ಲ. ಕೊನೆಯ ಅಕ್ಷರ ಬಿಟ್ಟು ಹುಡುಕಿದರೆ ಅಜ್ಜಂಪುರದ ಎರಡೂ ರೂಪಗಳು ಒಟ್ಟಿಗೆ ಸಿಗುತ್ತವೆ. ಮೊದಲಲ್ಲಿ ಅಥವಾ ನಡುವೆ ವ್ಯತ್ಯಾಸವಿದ್ದರೆ ಎರಡೂ ರೂಪಗಳನ್ನು ‘ಆರ್’ ಪದದಿಂದ ಜೋಡಿಸಿ ಹುಡುಕಬೇಕು.

ಸರ್ಕಾರದ ಆದೇಶಗಳಿಂದಲೂ ಕಾಗುಣಿತ ಬದಲಾಗಿದೆ. 2014ರ ನವೆಂಬರ್ 1ರಿಂದ ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಣೆಗೆ ಹೊಂದುವಂತೆ ಬದಲಾದವು. ಚಿಕ್ಕಮಗಳೂರು, ಶಿವಮೊಗ್ಗ, ತುಮಕೂರು, ಹುಬ್ಬಳ್ಳಿ, ಬೆಂಗಳೂರು ಇವೆಲ್ಲ ಆ ಪಟ್ಟಿಯಲ್ಲಿದ್ದವು. ಅಡಿಕೆಗಾಗಿ ಶಿವಮೊಗ್ಗದೊಡನೆ, ಕೊಬ್ಬರಿಗಾಗಿ ತುಮಕೂರು ಜಿಲ್ಲೆಯ ತಿಪಟೂರಿನೊಡನೆ ವ್ಯವಹರಿಸುವ ನಮ್ಮ ವರ್ತಕರ ಕಡತಗಳಲ್ಲಿ ಹಳೆಯ ಮತ್ತು ಹೊಸ ಎರಡೂ ಕಾಗುಣಿತಗಳು ಬೆರೆತಿರುತ್ತವೆ. ಎಷ್ಟೋ ಸಂಸ್ಥೆಗಳ ಬಿಲ್ಲಿನ ತಲೆಬರಹದಲ್ಲಿ ಹಳೆಯ ಕಾಗುಣಿತವೇ ಮುಂದುವರಿದಿದೆ. ಅಂತೆಯೇ, ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರವು 2017ರ ರಾಜ್ಯ ಮುಂಗಡಪತ್ರದಲ್ಲಿ ಹೊಸ ತಾಲ್ಲೂಕೆಂದು ಘೋಷಿತವಾಯಿತು. ಹಳೆಯ ಕಾಗದಗಳಲ್ಲಿ ‘ತರೀಕೆರೆ ತಾಲ್ಲೂಕು’ ಎಂದಿದ್ದ ವಿಳಾಸವೇ ಹೊಸ ಕಾಗದಗಳಲ್ಲಿ ‘ಅಜ್ಜಂಪುರ ತಾಲ್ಲೂಕು’ ಎಂದಿರುತ್ತದೆ. ತಾಲ್ಲೂಕಿನ ಹೆಸರಿನಿಂದ ಹುಡುಕಿ ‘ಇಷ್ಟೇ ಇದೆ’ ಎಂದು ತೀರ್ಮಾನಿಸಿದರೆ ಅರ್ಧದಷ್ಟು ಕಡತಗಳು ಬಿಟ್ಟುಹೋಗಬಹುದು.

ಗಿರಾಕಿಯ ಹೆಸರಿಗೂ ಇದೇ ಮಾತು. ‘ಲಕ್ಷ್ಮೀ’ ಎಂಬ ಒಂದು ಪದವನ್ನು ಇಂಗ್ಲಿಷಿನಲ್ಲಿ ಒಬ್ಬರು ‘ಎಕ್ಸ್’ ಅಕ್ಷರ ಬಳಸಿ, ಮತ್ತೊಬ್ಬರು ‘ಕೆ, ಎಸ್, ಎಚ್’ ಅಕ್ಷರಗಳನ್ನು ಬಳಸಿ ಬರೆಯುತ್ತಾರೆ. ಇಂತಹ ಗೊಂದಲಕ್ಕೆ ಸಿಕ್ಕದ ಒಂದು ಗುರುತೆಂದರೆ ಜಿ.ಎಸ್.ಟಿ. ಸಂಖ್ಯೆ. ಹದಿನೈದು ಅಂಕಿ-ಅಕ್ಷರಗಳ ಈ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿಗಳು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಆ ವ್ಯವಹಾರದ ಪ್ಯಾನ್ ಸಂಖ್ಯೆ. ಪಠ್ಯವಿರುವ ಪಿಡಿಎಫ್ ಬಿಲ್ಲುಗಳು ಸೂಚಿಗೆ ಸೇರಿದ್ದರೆ, ಈ ಸಂಖ್ಯೆಯೊಂದನ್ನು ಕೊಟ್ಟೊಡನೆ ಆ ಗಿರಾಕಿಯ ಬಿಲ್ಲುಗಳು ಒಟ್ಟಿಗೆ ಬರುತ್ತವೆ. ಹೆಸರನ್ನು ಹೇಗೆ ಬರೆದಿದ್ದರೂ ಚಿಂತೆಯಿಲ್ಲ. ಪ್ಯಾನ್ ಸಂಖ್ಯೆಯನ್ನು ಮಾತ್ರ ಕೊಟ್ಟರೆ ಅದು ಪದದ ನಡುವಿನ ಭಾಗವಾಗುವುದರಿಂದ ಸಿಗಲಾರದು. ಮುಂದೆ ‘29’ ಸೇರಿಸಿ ಕೊಡಬೇಕು. ಇ-ವೇ ಬಿಲ್ಲಿನ ಹನ್ನೆರಡು ಅಂಕಿಗಳ ಸಂಖ್ಯೆಯೂ ಹೀಗೆಯೇ ಉಪಯೋಗಕ್ಕೆ ಬರುತ್ತದೆ.

ಕನ್ನಡದ ಕಡತಗಳ ವಿಶೇಷ ತೊಡಕು

ಒಪ್ಪಂದ ಪತ್ರ, ಸಂಘದ ನಡಾವಳಿ, ರೈತರೊಡನೆ ಮಾಡಿಕೊಂಡ ಕರಾರು, ಪಂಚಾಯಿತಿಗೆ ಬರೆದ ಅರ್ಜಿ ಇವು ಕನ್ನಡದಲ್ಲಿರುವುದೇ ಹೆಚ್ಚು. ಇವುಗಳನ್ನು ಹುಡುಕುವಾಗ ಒಂದು ವಿಚಿತ್ರ ಎದುರಾಗುತ್ತದೆ. ಕಡತವನ್ನು ತೆರೆದರೆ ‘ಅಡಿಕೆ’ ಎಂಬ ಪದ ಕಣ್ಣೆದುರಿಗೇ ಇರುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ‘ಅಡಿಕೆ’ ಎಂದು ಬರೆದರೆ ಆ ಕಡತ ಬರುವುದಿಲ್ಲ.

ಇದರ ಕಾರಣ ಹೀಗಿದೆ. 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶಗಳು ಗಣಕಯಂತ್ರದಲ್ಲಿ ಕನ್ನಡದ ಬಳಕೆಯನ್ನು ಮನೆಮನೆಗೆ ತಲುಪಿಸಿದವು. ಆ ಕಾಲದ ಯಂತ್ರಗಳಲ್ಲಿ ಕನ್ನಡಕ್ಕೆ ಪ್ರತ್ಯೇಕ ಸಂಕೇತಗಳ ವ್ಯವಸ್ಥೆ ಬಳಕೆಗೆ ಬಂದಿರಲಿಲ್ಲವಾದ್ದರಿಂದ, ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಲಾಯಿತು. ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ‘ಅಡಿಕೆ’ ಎಂದು ಬೆರಳಚ್ಚಿಸಿದರೆ ಕಡತದಲ್ಲಿ ನಿಜವಾಗಿ ದಾಖಲಾಗುವುದು ರೋಮನ್ ಲಿಪಿಯ ದೊಡ್ಡ ‘ಸಿ’, ಸಣ್ಣ ‘ಆರ್’, ದೊಡ್ಡ ‘ಪಿ’ ಮತ್ತು ನೆತ್ತಿಯ ಮೇಲೆ ಗೆರೆಯಿರುವ ‘ಇ’. ನುಡಿಯ ಅಕ್ಷರವಿನ್ಯಾಸವು ಅದನ್ನು ಕನ್ನಡವಾಗಿ ತೋರಿಸುತ್ತದೆ, ಅಷ್ಟೆ. ಹುಡುಕುವ ಸಾಧನಕ್ಕೆ ಕಾಣುವುದು ರೋಮನ್ ಅಕ್ಷರಗಳೇ. ನಾವು ಇಂದು ಬರೆಯುವ ಕನ್ನಡವಾದರೋ ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದ್ದು. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಕನ್ನಡಕ್ಕೆ ಇದು ಲಭ್ಯವಿದೆ. ಎರಡೂ ತಾಳೆಯಾಗುವ ಸಂಭವವಿಲ್ಲ.

ಇದಕ್ಕೆ ಎರಡು ಪರಿಹಾರಗಳಿವೆ. ತಾತ್ಕಾಲಿಕ ಪರಿಹಾರವೆಂದರೆ, ಹಳೆಯ ಕಡತವೊಂದರಿಂದ ಬೇಕಾದ ಪದವನ್ನು ನಕಲು ಮಾಡಿ ಹುಡುಕುವ ಪೆಟ್ಟಿಗೆಯಲ್ಲಿ ಅಂಟಿಸುವುದು. ಅಲ್ಲಿ ಅರ್ಥವಾಗದ ರೋಮನ್ ಅಕ್ಷರಗಳು ಕಂಡರೂ ಗಾಬರಿಪಡಬೇಕಾಗಿಲ್ಲ. ಅದೇ ಸಂಕೇತದಲ್ಲಿರುವ ಇತರ ಕಡತಗಳು ಹಲವು ಸಲ ಸಿಗುತ್ತವೆ. ಚಿಹ್ನೆಗಳು ಹೆಚ್ಚಾಗಿರುವ ಪದಗಳಲ್ಲಿ ಇದು ತಪ್ಪುವುದೂ ಉಂಟು. ಶಾಶ್ವತ ಪರಿಹಾರವೆಂದರೆ, ಮುಖ್ಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಇಟ್ಟುಕೊಳ್ಳುವುದು. ಇದಕ್ಕೆ ಪರಿವರ್ತಕ ತಂತ್ರಾಂಶಗಳು ದೊರೆಯುತ್ತವೆ. ಪರಿವರ್ತನೆಯಲ್ಲಿ ಒತ್ತಕ್ಷರಗಳು ಮತ್ತು ಅಂಕಿಗಳು ತಪ್ಪಾಗುವ ಸಾಧ್ಯತೆಯಿರುವುದರಿಂದ ಮೂಲ ಕಡತವನ್ನು ಅಳಿಸದೆ, ಹೊಸದನ್ನು ಒಮ್ಮೆ ಓದಿ ನೋಡಬೇಕು. ಇನ್ನು ಮುಂದೆ ಬರೆಯುವ ಕಡತಗಳನ್ನಂತೂ ಯೂನಿಕೋಡಿನಲ್ಲಿಯೇ ಬರೆಯತಕ್ಕದ್ದು. ವಿಂಡೋಸ್‌ನ ಭಾಷಾ ಸೆಟ್ಟಿಂಗಿನಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಬೇರೆ ತಂತ್ರಾಂಶದ ಅಗತ್ಯವೂ ಬೀಳುವುದಿಲ್ಲ. ವಿಂಡೋಸ್ ಕೀಲಿಯೊಡನೆ ಸ್ಪೇಸ್ ಕೀಲಿಯನ್ನು ಒತ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು.

ಯೂನಿಕೋಡಿನಲ್ಲಿಯೂ ಕನ್ನಡದ ವಿಭಕ್ತಿಗಳನ್ನು ಗಮನದಲ್ಲಿಡಬೇಕು. ‘ಕಡೂರು’ ಎಂದು ಹುಡುಕಿದರೆ ‘ಕಡೂರಿನ’ ಎಂದಿರುವ ಕಡತ ಬಾರದು, ಏಕೆಂದರೆ ‘ರು’ ಬೇರೆ, ‘ರಿ’ ಬೇರೆ. ‘ಕಡೂರ’ ಎಂದಷ್ಟೇ ಕೊಟ್ಟರೆ ಎರಡೂ ಬರುತ್ತವೆ. ‘ಬೀರೂರು’ ಪದಕ್ಕೂ ಇದೇ ನಿಯಮ. ‘ತರೀಕೆರೆ’, ‘ಅಜ್ಜಂಪುರ’ ಪದಗಳ ಮೂಲರೂಪ ‘ತರೀಕೆರೆಯ’, ‘ಅಜ್ಜಂಪುರದ’ ಎಂಬಲ್ಲಿಯೂ ಹಾಗೆಯೇ ಉಳಿಯುವುದರಿಂದ ತೊಂದರೆಯಿಲ್ಲ. ‘ಅಡಿಕೆ’ ಮತ್ತು ‘ಅಡಕೆ’ ಎಂದು ಎರಡು ರೂಪಗಳು ಬಳಕೆಯಲ್ಲಿರುವ ಪದಗಳನ್ನು ಎರಡು ಬಾರಿ ಹುಡುಕಿ ನೋಡಬೇಕು.

ಹುಡುಕು ಸೌಲಭ್ಯಕ್ಕೆ ಕಾಣದವುಗಳು

ಸ್ಕ್ಯಾನ್ ಮಾಡಿದ ಬಿಲ್ಲು ಪಿಡಿಎಫ್ ರೂಪದಲ್ಲಿದ್ದರೂ ಅದು ಒಂದು ಚಿತ್ರ ಮಾತ್ರ. ಅದರಲ್ಲಿರುವ ಅಕ್ಷರಗಳು ನಮ್ಮ ಕಣ್ಣಿಗೆ ಅಕ್ಷರಗಳೇ ಹೊರತು ಸೂಚಿಗೆ ಅಲ್ಲ. ಜಾಲತಾಣದಿಂದ ಇಳಿಸಿಕೊಂಡ ಇ-ವೇ ಬಿಲ್ಲಿನ ಪಿಡಿಎಫ್ ಕಡತದಲ್ಲಿ ನಿಜವಾದ ಪಠ್ಯವಿರುತ್ತದೆ, ಅದು ಸಿಗುತ್ತದೆ. ವ್ಯತ್ಯಾಸ ತಿಳಿಯಲು ಸುಲಭ ಮಾರ್ಗವಿದೆ: ಕಡತವನ್ನು ತೆರೆದು ಮೌಸ್‌ನಿಂದ ಒಂದು ಪದವನ್ನು ಆಯ್ದುಕೊಳ್ಳಲು ಬಂದರೆ ಪಠ್ಯವಿದೆ, ಬರದಿದ್ದರೆ ಅದು ಬರಿಯ ಚಿತ್ರ.

ವಾಟ್ಸ್ಯಾಪ್ ಮೂಲಕ ಬರುವ ತೂಕದ ಚೀಟಿ, ಲಾರಿ ರಸೀತಿಗಳ ಚಿತ್ರಗಳಿಗೂ ಇದೇ ಗತಿ. ಅವು ಬರುವಾಗ ‘ವಾಟ್ಸ್ಯಾಪ್ ಇಮೇಜ್’ ಎಂಬ ಹೆಸರು, ಮುಂದೆ ದಿನಾಂಕ ಮತ್ತು ಸಮಯ ಇಷ್ಟನ್ನೇ ಹೊತ್ತು ಬರುತ್ತವೆ. ಯಾರ ಸರಕು, ಯಾವ ಲಾರಿ ಎಂಬುದು ಹೆಸರಿನಲ್ಲಿಲ್ಲ, ಒಳಗೂ ಓದಲಾಗದು. ಬಂದ ದಿನವೇ ಹೆಸರು ಬದಲಾಯಿಸದಿದ್ದರೆ ಆರು ತಿಂಗಳ ಮೇಲೆ ಒಂದೊಂದನ್ನೇ ತೆರೆದು ನೋಡುವುದಲ್ಲದೆ ಬೇರೆ ದಾರಿಯಿಲ್ಲ.

ಟ್ಯಾಲಿಯಲ್ಲಿ ನಮೂದಿಸಿದ ವೋಚರುಗಳು ಟ್ಯಾಲಿಯದೇ ಆದ ದತ್ತಾಂಶ ಕಡತಗಳಲ್ಲಿರುವುದರಿಂದ ವಿಂಡೋಸ್ ಹುಡುಕಾಟಕ್ಕೆ ದೊರೆಯುವುದಿಲ್ಲ. ಅವನ್ನು ಟ್ಯಾಲಿಯ ಒಳಗೇ ನೋಡಬೇಕು. ಆ ದತ್ತಾಂಶದ ಫೋಲ್ಡರಿನ ಹೆಸರನ್ನಾಗಲಿ ಸ್ಥಳವನ್ನಾಗಲಿ ಯಾವ ಕಾರಣಕ್ಕೂ ಬದಲಾಯಿಸಕೂಡದು. ‘ಜಿಪ್’ ಮಾಡಿ ಕಳುಹಿಸಿದ ಕಡತಗಳ ಕಟ್ಟನ್ನು ಬಿಡಿಸಿ ಇಟ್ಟುಕೊಳ್ಳುವುದು ಲೇಸು. ಪೆನ್‌ಡ್ರೈವಿನಲ್ಲಿ ಇರುವುದನ್ನು ಅದನ್ನು ಸಿಕ್ಕಿಸಿದ ಮೇಲೆಯೇ ಹುಡುಕಬಹುದು.

ಹೆಸರಿಡುವ ಪದ್ಧತಿ

ಈ ಎಲ್ಲ ಮಿತಿಗಳಿಗೂ ಒಂದು ಸಮಾನ ಉತ್ತರವೆಂದರೆ ಕಡತಕ್ಕೆ ಸರಿಯಾದ ಹೆಸರು. ಸೂಚಿಗೆ ಒಳಗಿನ ವಿಷಯ ಕಾಣದಿದ್ದಾಗಲೂ ಹೆಸರು ಕಂಡೇ ಕಾಣುತ್ತದೆ. ಈ ಕೆಳಗಿನ ಪದ್ಧತಿಯನ್ನು ಅನುಸರಿಸಬಹುದು.

1. ಆರ್ಥಿಕ ವರ್ಷಕ್ಕೊಂದು ಫೋಲ್ಡರ್. ಅದರೊಳಗೆ ಖರೀದಿ, ಮಾರಾಟ, ಸಾಗಣೆ, ಬ್ಯಾಂಕ್ ಎಂದು ನಾಲ್ಕೇ ವಿಭಾಗ. ವಿಭಾಗಗಳು ಹೆಚ್ಚಿದಷ್ಟೂ ತಪ್ಪು ಜಾಗದಲ್ಲಿ ಇಡುವುದು ಹೆಚ್ಚುತ್ತದೆ.

2. ಕಡತದ ಹೆಸರಿನ ಮೊದಲಲ್ಲಿ ಬಿಲ್ಲಿನ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಬೇಕು. 2024ರ ಜೂನ್ 18ರ ಬಿಲ್ಲಾದರೆ ‘2024-06-18’. ಹೀಗೆ ಬರೆದರೆ ಕಡತಗಳು ತಾವಾಗಿ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಹೊಸ ಯಂತ್ರಕ್ಕೆ ನಕಲು ಮಾಡಿದಾಗ ಕಡತ ಸೃಷ್ಟಿಯಾದ ದಿನಾಂಕ ಬದಲಾದರೂ ಹೆಸರಿನಲ್ಲಿರುವ ದಿನಾಂಕ ಉಳಿಯುತ್ತದೆ.

3. ನಂತರ ಸರಕಿನ ಹೆಸರು, ವ್ಯವಹರಿಸಿದವರ ಹೆಸರು, ಬಿಲ್ಲಿನ ಸಂಖ್ಯೆ. ಜಿ.ಎಸ್.ಟಿ. ನಿಯಮದಂತೆ ಬಿಲ್ಲಿನ ಸಂಖ್ಯೆಯಲ್ಲಿ ಓರೆಗೆರೆ ಇರಬಹುದು. ಆದರೆ ವಿಂಡೋಸ್ ಕಡತದ ಹೆಸರಿನಲ್ಲಿ ಓರೆಗೆರೆಯನ್ನು ಒಪ್ಪುವುದಿಲ್ಲ. ಅದರ ಬದಲು ಅಡ್ಡಗೆರೆ ಹಾಕಬೇಕು.

4. ಪ್ರತಿಯೊಬ್ಬ ಗಿರಾಕಿಗೆ, ಪ್ರತಿಯೊಂದು ಊರಿಗೆ ಒಂದೇ ಕಾಗುಣಿತ. ಅದನ್ನು ಒಂದು ಹಾಳೆಯಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಬೇಕು. ಗುಮಾಸ್ತರು ಬದಲಾದರೂ ಕಾಗುಣಿತ ಬದಲಾಗದು.

5. ಸ್ಕ್ಯಾನ್ ಮಾಡಿದ ಹಾಗೂ ವಾಟ್ಸ್ಯಾಪಿನಲ್ಲಿ ಬಂದ ಕಡತಗಳಿಗೆ ಆ ದಿನದ ಸಂಜೆ ಲೆಕ್ಕ ಮುಗಿಸುವ ಮುನ್ನವೇ ಹೆಸರಿಡಬೇಕು. ಕಡತವನ್ನು ಆಯ್ದು ‘ಎಫ್-2’ ಕೀ ಒತ್ತಿದರೆ ಹೆಸರು ಬದಲಾಯಿಸಬಹುದು.

ಹಳೆಯ ಕಡತಗಳೆಲ್ಲವನ್ನೂ ಒಂದೇ ಬಾರಿಗೆ ಸರಿಪಡಿಸಲು ಹೊರಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಈ ತಿಂಗಳ ಬಿಲ್ಲುಗಳಿಂದ ಆರಂಭಿಸಿ, ಬಿಡುವಾದಾಗ ಹಿಂದಿನ ವರ್ಷಗಳ ಖರೀದಿ ಬಿಲ್ಲುಗಳನ್ನು ಮೊದಲು ತೆಗೆದುಕೊಳ್ಳುವುದು ಉಚಿತ, ಏಕೆಂದರೆ ತೆರಿಗೆ ಜಮೆ ನಿಂತಿರುವುದು ಅವುಗಳ ಮೇಲೆ.

ಕಡೆಯದಾಗಿ ಒಂದೆರಡು ಎಚ್ಚರಿಕೆಗಳು. ಹುಡುಕುವ ಸೌಲಭ್ಯವು ಇದ್ದುದನ್ನು ತೋರಿಸುತ್ತದೆ, ಅಳಿಸಿಹೋದುದನ್ನು ತಂದುಕೊಡಲಾರದು. ಆದ್ದರಿಂದ ಬೇರೊಂದು ಡಿಸ್ಕಿನಲ್ಲಿ ಪ್ರತಿ ಇಟ್ಟುಕೊಳ್ಳುವ ಅಭ್ಯಾಸವನ್ನು ಬಿಡಬಾರದು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಆ ಯಂತ್ರಗಳಲ್ಲಿಯೂ ಮೇಲೆ ಹೇಳಿದ ಹುಡುಕಾಟ ನಡೆಯುತ್ತದೆಯಾದರೂ, ವ್ಯವಹಾರದ ದಾಖಲೆಗಳ ಸುರಕ್ಷತೆಯ ದೃಷ್ಟಿಯಿಂದ ಹೊಸ ಆವೃತ್ತಿಗೆ ಬದಲಾಗುವುದು ಹಿತಕರ.

ವರ್ತಕ ಬಂಧುಗಳು ಈ ಲೇಖನವನ್ನು ಓದಿದ ನಂತರ ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಬೇಕಾಗಿ ವಿನಂತಿ. ಮೂರು ವರ್ಷಗಳ ಹಿಂದಿನ ಯಾವುದಾದರೊಂದು ಖರೀದಿ ಬಿಲ್ಲನ್ನು, ಅದರ ಲಾರಿ ರಸೀತಿಯೊಂದಿಗೆ, ತಮ್ಮ ಗಣಕಯಂತ್ರದಲ್ಲಿ ಹುಡುಕಿರಿ. ಐದು ನಿಮಿಷದೊಳಗೆ ಎರಡೂ ದೊರೆತರೆ ತಮ್ಮ ವ್ಯವಸ್ಥೆ ಸರಿಯಾಗಿದೆ. ದೊರೆಯದಿದ್ದರೆ ‘ಡಿ’ ಡ್ರೈವನ್ನು ಸೂಚಿಗೆ ಸೇರಿಸುವ ಕೆಲಸವನ್ನು ಈ ವಾರವೇ ಮುಗಿಸಿರಿ. ಹೆಸರಿಡುವ ಪದ್ಧತಿಯನ್ನು ಮುಂದಿನ ಒಂದನೆಯ ತಾರೀಖಿನಿಂದ ಆರಂಭಿಸಿರಿ. ನೋಟೀಸು ಕೈಗೆ ಬಂದ ಮೇಲೆ ದೊರೆಯುವ ಮೂವತ್ತು ದಿನಗಳು ಉತ್ತರವನ್ನು ಸಿದ್ಧಪಡಿಸುವುದಕ್ಕೆ ಬೇಕಾಗುತ್ತವೆ. ಅವು ಹುಡುಕಾಟದಲ್ಲಿ ಕಳೆದುಹೋಗಬಾರದು.